ನಮ್ಮ ಚಡಾವಿಗೊಂದು ಗಾಡಿ

ಸಂಜೆ ಹೊತ್ತಿಗೆ ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಮಹೀಂದ್ರ ಕಂಪೆನಿಯ ಥಾರ್ ಜೀಪು ಕಣ್ಣಿಗೆ ಬೀಳದೆ ಇರುವುದಿಲ್ಲ. ಕಪ್ಪು, ಕೆಂಪು, ಈಗೀಗ ಐದು ಬಾಗಿಲಿನ ರಾಕ್ಸ್ ಕೂಡ. ಎಲ್ಲವೂ ಈಗಷ್ಟೇ ತೊಳೆದು ಒರೆಸಿದ ಹಾಗೆ. ಅಷ್ಟು ದಪ್ಪದ ಟಯರಿನ ಸಂದಿಯಲ್ಲಿ ಒಂದು ಚೂರು ಕೆಸರಿಲ್ಲ. ಅಲ್ಲಿಂದ ಪರ್ಕಳ, ಹಿರಿಯಡ್ಕ ದಾಟಿ ಪೆರ್ಡೂರು, ಹೆಬ್ರಿ ಕಡೆಗೆ ಹೋಗುತ್ತಾ ಹೋದಂತೆ ಥಾರ್‌ಗಳು ಕಡಿಮೆಯಾಗಿ ಪಿಕಪ್‌ಗಳು ಹೆಚ್ಚಾಗುತ್ತವೆ. ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡಿನ ದೋಸ್ತ್, ಟಾಟಾ ಏಸ್. ಬಾಡಿಯಲ್ಲಿ ಬೈಹುಲ್ಲು, ಗೊಬ್ಬರದ ಚೀಲ, ಬಾಳೆಗೊನೆ, ಕೆಲವೊಮ್ಮೆ ಶಾಮಿಯಾನದ ಕಂಬ. ರಸ್ತೆ ಚೆನ್ನಾಗಿರುವಲ್ಲಿ ರಸ್ತೆಯೇ ಬೇಡ ಎನ್ನುವ ಗಾಡಿ, ರಸ್ತೆಯೇ ಇಲ್ಲದಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಗಾಡಿ. ಇದು ಹೀಗೆ ಯಾಕೆ ಎಂದು ಬಹಳ ಸಲ ಯೋಚಿಸಿದ್ದೇನೆ. ಪೇಟೆಯವರ ಶೋಕಿ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಆ ಶೋಕಿ ನನಗೂ ಉಂಟು. ಮೇಲಾಗಿ ಈ ವರ್ಷ ಪ್ರಶ್ನೆ ನಮ್ಮ ಮನೆಯ ಅಂಗಳಕ್ಕೇ ಬಂದು ನಿಂತಿದೆ.

ಅಪ್ಪ ತೆಗೆದ ಹಳೆಯ ಮಹೀಂದ್ರ ಜೀಪು, ಊರಿನವರ ಬಾಯಲ್ಲಿ ‘ಫೈವ್ ಫೋರ್ಟಿ’, ಇನ್ನು ಜಾಸ್ತಿ ದಿನ ನಡೆಯುವುದಿಲ್ಲ. ಚಾಸಿಸ್ಸಿಗೆ ತುಕ್ಕು ಹಿಡಿದಿದೆ. ಒಳಗೆ ಕೈ ಹಾಕಿದರೆ ಕಬ್ಬಿಣ ಹಪ್ಪಳದ ಹಾಗೆ ಪುಡಿಯಾಗಿ ಬರುತ್ತದೆ. 20 ವರ್ಷ ದಾಟಿದ ಕಾರು, ಜೀಪುಗಳ ಮರುನೋಂದಣಿ ಶುಲ್ಕವನ್ನು ಸರಕಾರ 2025ರಲ್ಲಿ 10,000 ರೂಪಾಯಿಗೆ ಏರಿಸಿದ ಮೇಲೆ ಅಣ್ಣ ಒಂದು ರಾತ್ರಿ ಊಟದ ಹೊತ್ತಿಗೆ ಸ್ಪಷ್ಟವಾಗಿಯೇ ಹೇಳಿದ, ‘ಇದಕ್ಕೆ ಇನ್ನು ದುಡ್ಡು ಹಾಕುದು ಬೇಡ. ಪಿಕಪ್ ತಕ್ಕೊಳ್ಳುವ.’ ನಾನು ಥಾರ್ ಎಂದೆ. ಅವನು ತೋಟ ನೋಡಿಕೊಳ್ಳುವವನು, ನಾನು ಉಡುಪಿಯಲ್ಲಿ ಸಂಬಳಕ್ಕೆ ದುಡಿಯುವವನು. ದುಡ್ಡು ಅರ್ಧರ್ಧ. ಹಾಗಾಗಿ ಇಬ್ಬರಿಗೂ ಮಾತಾಡುವ ಹಕ್ಕಿದೆ. ‘ನಿನಗೆ ಥಾರ್ ಬೇಕಾದ್ರೆ ತಕ್ಕೊ ಮಾರಾಯ, ಯಾರು ಬೇಡ ಹೇಳಿದ್ರು? ಗೊಬ್ಬರ ಎಂತದರಲ್ಲಿ ತರುದು ಅಂತ ಮಾತ್ರ ಹೇಳು.’ ನನ್ನ ಹತ್ತಿರ ಉತ್ತರ ಇತ್ತು. ಹಿಂದಿನ ಸೀಟು ಮಡಚಿದರಾಯಿತು. ಆದರೆ ಹೊಸ ಗಾಡಿಯ ಸೀಟಿನ ಮೇಲೆ ಕೋಳಿಗೊಬ್ಬರದ ಚೀಲ ಹಾಕುವ ಚಿತ್ರ ನನ್ನ ಕಣ್ಣಿಗೂ ಸರಿಯಾಗಿ ಕೂರಲಿಲ್ಲ.

ನಮ್ಮ ಮನೆಗೆ ಹೋಗುವ ದಾರಿಯನ್ನು ಒಮ್ಮೆ ಹೇಳಿಬಿಡುತ್ತೇನೆ, ಯಾಕೆಂದರೆ ಈ ಬರಹದ ಮುಖ್ಯ ಪಾತ್ರ ಅದೇ. ಟಾರು ರಸ್ತೆ ಬಿಟ್ಟ ಕೂಡಲೇ ಒಂದು ತೋಡು, ಅದಕ್ಕೊಂದು ಮೋರಿ. ಮೋರಿ ದಾಟಿದರೆ ಎರಡೂ ಕಡೆ ಎತ್ತರದ ಮಣ್ಣಿನ ದರೆ, ನಡುವೆ ಓಣಿ. ಓಣಿ ಪೂರ್ತಿ ಚಡಾವು, ಅಂದರೆ ಕಡಿದಾದ ಏರು. ಅರ್ಧ ಏರಿದ ಮೇಲೆ ಒಂದು ಹಲಸಿನ ಮರ, ಅದರ ಬುಡದಲ್ಲಿ ಬಲಕ್ಕೆ ಗಕ್ಕನೆ ತಿರುವು. ಬೇಸಗೆಯಲ್ಲಿ ಆಟೋದವರು ಗೊಣಗುತ್ತಾ ಆದರೂ ಬರುತ್ತಾರೆ. ಜೂನ್ ತಿಂಗಳಲ್ಲಿ ಎರಡು ಮಳೆ ಬಿದ್ದರೆ ಮುಗಿಯಿತು, ಮೇಲಿನ ಕೆಂಪು ಮಣ್ಣು ತೊಳೆದು ಹೋಗಿ ಅಡಿಯ ಜೇಡಿ ಮೇಲೆ ಬರುತ್ತದೆ, ಆಷಾಢದ ಹೊತ್ತಿಗೆ ಅದರ ಮೇಲೆ ಪಾಚಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆಗುಂಬೆಯ ಬುಡಕ್ಕೆ ಹೋದಷ್ಟೂ ಹೆಚ್ಚೇ. ಆ ನಾಲ್ಕು ತಿಂಗಳು ಮನೆಯವರೆಗೆ ಬರುವುದು ಜೀಪು ಒಂದೇ.

ಕೊಡಚಾದ್ರಿಯ ಜೀಪಿನಲ್ಲಿ

ಥಾರ್ ಬೇಕೆಂಬ ಹುಚ್ಚು ನನಗೆ ಜಾಹೀರಾತು ನೋಡಿ ಹಿಡಿದದ್ದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಿಡಿಸಿದ್ದು ಕೊಡಚಾದ್ರಿ. ಮಳೆ ಬಿಟ್ಟ ಹೊಸತರಲ್ಲಿ ಕೊಲ್ಲೂರಿನಿಂದ ಹೊರಟಿದ್ದೆವು. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕಡೆಯ ಕೆಲವು ಕಿಲೋಮೀಟರ್ ಇರುವುದು ದಾರಿಯಲ್ಲ, ನೀರು ಕೊರೆದ ಚರಂಡಿ. ಕಲ್ಲು, ಗುಂಡಿ, ಒಂದು ಚಕ್ರ ಮೇಲೆ ಒಂದು ಚಕ್ರ ಕೆಳಗೆ. ನಾನು ಡ್ರೈವರನ ಪಕ್ಕ ಕೂತಿದ್ದೆ. ನಲವತ್ತು ದಾಟಿದ ಮನುಷ್ಯ, ಬಾಯಲ್ಲಿ ಎಲೆಅಡಿಕೆ, ಕಾಲಲ್ಲಿ ಹವಾಯಿ ಚಪ್ಪಲಿ. ದಾರಿ ಕೆಡುವ ಜಾಗ ಬಂದ ಕೂಡಲೇ ಗಾಡಿ ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಚಿಕ್ಕ ಗೇರನ್ನು ಎಳೆದ, ಮೊದಲ ಗೇರಿಗೆ ಹಾಕಿದ, ಅಷ್ಟೇ. ಆಮೇಲೆ ಅವನ ಎಡಗಾಲು ಕ್ಲಚ್ಚಿನ ಮೇಲೆ ಹೋದದ್ದನ್ನು ನಾನು ನೋಡಲೇ ಇಲ್ಲ. ಇಂಜಿನ್ ತನ್ನಷ್ಟಕ್ಕೆ ಗುರುಗುಟ್ಟುತ್ತಾ, ನಡೆದು ಹೋಗುವವನ ವೇಗದಲ್ಲಿ, ಒಂದೊಂದು ಕಲ್ಲನ್ನೂ ಮುಟ್ಟಿ ನೋಡಿ ಏರುತ್ತಿತ್ತು. ಹಿಂದೆ ಕೂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಇವನು ಸ್ಟೇರಿಂಗಿನ ಮೇಲೆ ಎರಡು ಬೆರಳಿಟ್ಟು, ಕನ್ನಡಿಯಲ್ಲಿ ಅವರನ್ನು ನೋಡಿ ನಕ್ಕು, ನನಗೆ ಮಾತ್ರ ಕೇಳುವ ಹಾಗೆ ಹೇಳಿದ, ‘ಖಾಲಿ ಇದ್ರೆ ಇದು ಕುಣೀತದೆ. ಹತ್ತು ಜನ ಕೂತ್ರೆ ಸುಮ್ನಿರ್ತದೆ.’

ಅವತ್ತು ಆ ಮಾತನ್ನು ನಾನು ತಮಾಷೆ ಎಂದುಕೊಂಡೆ. ಮೇಲೆ ಮುಟ್ಟಿ ನಾವು ಇಳಿಯುವಾಗ ಪಕ್ಕದಲ್ಲಿ ಇನ್ನೊಂದು ಜೀಪು ಬಂದು ನಿಂತಿತು. ಅದರಲ್ಲಿ ಪ್ರವಾಸಿಗರು ಇರಲಿಲ್ಲ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಬುಟ್ಟಿಯಲ್ಲಿ ತರಕಾರಿ. ಮೇಲಿನ ಮನೆಯಲ್ಲಿ ಉಳಿಯುವವರ ಊಟಕ್ಕೆ. ಅದೇ ಗಾಡಿ, ಅದೇ ಬೆಂಚು, ಬೆಂಚನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಬೆಳಿಗ್ಗೆ ಜನ, ಮಧ್ಯಾಹ್ನ ಸಾಮಾನು.

ನನ್ನ ಬಾಲ್ಯದ ಜೀಪೂ ಹಾಗೆಯೇ ಇತ್ತು. ಸುಳ್ಯ, ಬೆಳ್ತಂಗಡಿ ಕಡೆಯ ಓದುಗರಿಗೆ, ಬಸ್ಸಿನ ಹಾಗೆ ಜನರನ್ನು ಒಯ್ಯುವ ಸರ್ವಿಸ್ ಜೀಪಿನ ವಿಷಯ ಹೇಳುವುದು ಬೇಡ. ಒಳಗೆ ಕೂತವರೆಷ್ಟೋ ಅಷ್ಟೇ ಜನ ಹಿಂದೆ ನೇತಾಡಿಕೊಂಡು, ಡ್ರೈವರನ ಬಲಕ್ಕೂ ಒಬ್ಬ, ಟಾಪಿನ ಮೇಲೆ ಹಲಸಿನ ಹಣ್ಣು. ಜೀಪು ಎಂದರೆ ನಮಗೆ ಸಾಹಸದ ಗಾಡಿ ಆಗಿರಲೇ ಇಲ್ಲ. ಅದರ ಹುಟ್ಟನ್ನು ನೋಡಿದರೂ ಹಾಗೆಯೇ. ಯುದ್ಧಕ್ಕೆಂದು ಮಾಡಿದ ಗಾಡಿಯನ್ನು ಅಮೆರಿಕದ ವಿಲ್ಲಿಸ್ ಕಂಪೆನಿ 1945ರಲ್ಲಿ ಜನಸಾಮಾನ್ಯರಿಗೆ ಮಾರಲು ಹೊರಟಾಗ ಮೊದಲು ಹುಡುಕಿಕೊಂಡು ಹೋದದ್ದು ರೈತರನ್ನು. ಹಿಂದೆ ತೆರೆಯುವ ಬಾಗಿಲು, ನೇಗಿಲು ಎಳೆಯಲಿಕ್ಕೆ ಕೊಂಡಿ, ಇಂಜಿನ್ನಿನಿಂದ ಬೇರೆ ಯಂತ್ರ ತಿರುಗಿಸುವ ವ್ಯವಸ್ಥೆ. ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದೂ ಆ ವಿಲ್ಲಿಸ್ ಜೀಪನ್ನೇ. 2010ರಲ್ಲಿ ಬಂದ ಮೊದಲ ಥಾರಿನವರೆಗೂ ಆ ವಂಶದ ಗುರುತು ಇತ್ತು. ಹಿಂದೆ ಎದುರುಬದುರು ಬೆಂಚು, ಮೇಲೆ ಕ್ಯಾನ್ವಾಸು. 2020ರ ಗಾಂಧಿ ಜಯಂತಿಯ ದಿನ ಬಂದ ಥಾರ್ ಬೇರೆಯೇ ಗಾಡಿ. ಗಟ್ಟಿ ಟಾಪು, ಮುಂದಕ್ಕೆ ಮುಖ ಮಾಡಿದ ಸೀಟು, ಟಚ್ ಸ್ಕ್ರೀನು. ಒಳ್ಳೆಯದೇ. ಆದರೆ ಹಿಂದಿನ ಸೀಟಿನ ಬೆನ್ನಿಗೆ ಬಾಗಿಲು. ನಡುವೆ ಎರಡು ಬ್ಯಾಗು ಇಟ್ಟರೆ ತುಂಬಿತು. ಜೀಪಿನೊಳಗೆ ಇದ್ದ ಎರಡು ಗಾಡಿಗಳನ್ನು ಬೇರೆ ಮಾಡಿ, ಒಂದನ್ನು ಥಾರ್ ಎಂದು ಮಣಿಪಾಲಕ್ಕೂ ಇನ್ನೊಂದನ್ನು ಪಿಕಪ್ ಎಂದು ಹೆಬ್ರಿಗೂ ಕಳಿಸಿದಂತೆ ನನಗೆ ಕಾಣುತ್ತದೆ. ನಾವು ಅಣ್ಣತಮ್ಮ ಈಗ ಜಗಳ ಆಡುತ್ತಿರುವುದು ಆ ಪಾಲಿನ ಮೇಲೆ.

ಖಾಲಿ ಪಿಕಪ್ಪು, ತುಂಬಿದ ಪಿಕಪ್ಪು

ಥಾರಿನ ಪರವಾಗಿ ನನ್ನ ಹತ್ತಿರ ಅಂಕೆಸಂಖ್ಯೆ ಇತ್ತು. ಉದ್ದ 3,985 ಮಿಲಿಮೀಟರ್, ಮುಂದಿನ, ಹಿಂದಿನ ಚಕ್ರಗಳ ನಡುವೆ 2,450. ನೆಲದಿಂದ ಹೊಟ್ಟೆ 226 ಮಿಲಿಮೀಟರ್ ಎತ್ತರ. 650 ಮಿಲಿಮೀಟರ್ ಆಳದ ನೀರು ದಾಟುತ್ತದೆ. ಡೀಸೆಲ್ ಇಂಜಿನ್ 130 ಅಶ್ವಶಕ್ತಿ. ಬೊಲೆರೊ ಪಿಕಪ್ಪಿನದು ಬರೇ 75. ಚಕ್ರಗಳ ನಡುವಿನ ಅಂತರ ಕಡಿಮೆಯಾದಷ್ಟೂ ದಿಬ್ಬ ದಾಟುವಾಗ ಹೊಟ್ಟೆ ತಾಗುವುದಿಲ್ಲ, ತಿರುವಿನಲ್ಲಿ ಹಿಂದೆ ಮುಂದೆ ಮಾಡಬೇಕಾಗುವುದಿಲ್ಲ. ನಮ್ಮ ಹಲಸಿನ ಮರದ ತಿರುವಿಗೆ ಇದಕ್ಕಿಂತ ಬೇಕೇ? ಅಣ್ಣ ಎಲ್ಲ ಕೇಳಿ, ‘ಆ ವರ್ಷ ಗೊಬ್ಬರದ ಪಿಕಪ್ ಸಿಕ್ಕಿಬಿದ್ದದ್ದು ನೆನಪುಂಟಾ?’ ಎಂದ.

ನೆನಪಿಲ್ಲದೆ ಏನು. ಮಳೆ ಹಿಡಿಯುವ ಮೊದಲೇ ಗೊಬ್ಬರ ಮೇಲೆ ತಂದು ಹಾಕಬೇಕೆಂದು ಬಾಡಿಗೆಗೆ ಒಂದು ಪಿಕಪ್ ಹೇಳಿದ್ದೆವು. ಮಳೆ ಒಂದು ದಿನ ಮೊದಲೇ ಬಂತು. ಆದರೂ ಡ್ರೈವರ್ ಬಂದ. ಮೊದಲ ಟ್ರಿಪ್ಪು ಚೀಲ ತುಂಬಿಕೊಂಡು ಬಂದವನು ಒಂದೇ ಉಸುರಿಗೆ ಅಂಗಳ ಮುಟ್ಟಿದ. ನಾವೆಲ್ಲ ಬೆರಗಾದೆವು. ಇಳಿಸಿ, ಕೆಳಗೆ ಹೋಗಿ, ಉಳಿದ ಚೀಲ ಇನ್ನೊಂದು ಗಾಡಿಯಲ್ಲಿ ಬರುತ್ತದೆ ಎಂದು ಗೊತ್ತಾಗಿ, ಮನೆಯಲ್ಲಿದ್ದ ಅಡಿಕೆ ಒಯ್ಯಲು ಖಾಲಿ ಗಾಡಿಯಲ್ಲಿ ವಾಪಸು ಬಂದ. ಅದೇ ಮನುಷ್ಯ, ಅದೇ ಗಾಡಿ, ಅದೇ ಚಡಾವು. ಹಲಸಿನ ಮರದ ಬುಡದಲ್ಲಿ ಹಿಂದಿನ ಚಕ್ರ ಸುತ್ತತೊಡಗಿತು. ಇವನು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಜೇಡಿಯಲ್ಲಿ ತೋಡಿಕೊಂಡು ಕೆಳಗಿಳಿಯಿತು. ಗೋಣಿಚೀಲ ಹಾಕಿದೆವು, ಕಲ್ಲು ಕೊಟ್ಟೆವು, ಅಡಿಕೆ ಸೋಗೆ ಹಾಸಿದೆವು. ಸೋಗೆ ಹಿಂದಕ್ಕೆ ಹಾರಿ ತಳ್ಳುತ್ತಿದ್ದವರ ಮುಖಕ್ಕೆ ಕೆಸರು ಬಡಿಯಿತು. ಕಡೆಗೆ ತೋಟದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು, ‘ನೀವು ತಳ್ಳುದು ಬಿಡಿ, ಎಲ್ಲ ಹತ್ತಿ ನಿಲ್ಲಿ’ ಎಂದರು. ಇದ್ದವರೆಲ್ಲ ಬಾಡಿಯ ಕಟ್ಟಕಡೆಗೆ ಹೋಗಿ, ಹಿಂದಿನ ಆಕ್ಸಲಿನ ಮೇಲೆ ಬರುವ ಹಾಗೆ ಒತ್ತಿಕೊಂಡು ನಿಂತೆವು. ಗಾಡಿ ಒಮ್ಮೆ ಕೊಸರಿತು, ಹಿಡಿತ ಸಿಕ್ಕಿತು, ನಮ್ಮನ್ನೆಲ್ಲ ಹೊತ್ತು ಹತ್ತಿಬಿಟ್ಟಿತು. ಅಮ್ಮ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ‘ಮೆರವಣಿಗೆ ಬಂತು’ ಎಂದು ಒಳಗೆ ಹೋಗಿ ಚಾ ಇಟ್ಟರು.

ಕಾರಣ ಸರಳ. ಪಿಕಪ್ಪಿನ ಇಂಜಿನ್ ಮುಂದೆ, ಡ್ರೈವರ್ ಮುಂದೆ, ತೂಕ ಎಲ್ಲ ಮುಂದೆ. ಎಳೆಯುವ ಚಕ್ರ ಮಾತ್ರ ಹಿಂದೆ. ಬಾಡಿ ಖಾಲಿ ಇದ್ದರೆ ಆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದಕ್ಕೆ ಏನೂ ಇಲ್ಲ. ಜೊತೆಗೆ, ಇಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ಲಿನ ಗುಣ ಏನೆಂದರೆ, ಎಡಬಲದ ಚಕ್ರಗಳಲ್ಲಿ ಯಾವುದು ಜಾರುತ್ತದೋ ಅದೇ ಸುಮ್ಮನೆ ಸುತ್ತುತ್ತಾ ಕೂರುತ್ತದೆ, ಗಟ್ಟಿ ನೆಲದಲ್ಲಿರುವ ಚಕ್ರ ನೋಡುತ್ತಾ ನಿಲ್ಲುತ್ತದೆ. ಇದನ್ನು ತಪ್ಪಿಸಲಿಕ್ಕೇ ಫೋರ್ಸ್ ಕಂಪೆನಿಯ ಗೂರ್ಖಾದಂಥ ಗಾಡಿಗಳಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕರ್ ಕೊಟ್ಟಿರುತ್ತಾರೆ, ಡ್ರೈವರ್ ಬೇಕಾದಾಗ ಎರಡು ಚಕ್ರವನ್ನು ಒಟ್ಟಿಗೆ ಕಟ್ಟಿಹಾಕಬಹುದು. ಪಿಕಪ್ಪಿನವರ ಲಾಕರ್ ಎಂದರೆ ಹೊಯಿಗೆ (ಮರಳು) ಚೀಲ. ಮಳೆಗಾಲದಲ್ಲಿ ನಮ್ಮ ಕಡೆ ಓಡಾಡುವ ಹಳೆಯ ಡ್ರೈವರುಗಳ ಬಾಡಿಯ ಮೂಲೆಯಲ್ಲಿ ಎರಡು ಮೂರು ಚೀಲ ಯಾವಾಗಲೂ ಬಿದ್ದುಕೊಂಡಿರುತ್ತವೆ, ನೋಡಿ. ಸ್ಪ್ರಿಂಗಿನ ವಿಷಯವೂ ಇದೇ. ಒಂದೂವರೆ ಟನ್ನಿಗೆ ಲೆಕ್ಕ ಹಾಕಿದ ಲೀಫ್ ಸ್ಪ್ರಿಂಗು ಖಾಲಿ ಇದ್ದಾಗ ಬಾಗುವುದೇ ಇಲ್ಲ, ಹೊಂಡಕ್ಕೆ ಬಿದ್ದರೆ ಸೊಂಟಕ್ಕೇ ತಾಗುತ್ತದೆ. ಭಾರ ಬಿದ್ದ ಮೇಲೆ ಅದು ನಯವಾಗುತ್ತದೆ. ಕೊಡಚಾದ್ರಿಯವನು ಹೇಳಿದ್ದು ಇದನ್ನೇ. ಹೊರುವುದಕ್ಕಾಗಿ ಮಾಡಿದ ಗಾಡಿ ಹೊರದಿದ್ದಾಗ ಕೆಟ್ಟದಾಗಿರುತ್ತದೆ. ಅಂದರೆ ಪಿಕಪ್ ತೆಗೆದುಕೊಂಡವನು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ರಾತ್ರಿ ಮೊದಲು ಚೀಲ ತುಂಬಬೇಕು.

ಬಿಳಿ ಬೋರ್ಡು, ಹಳದಿ ಬೋರ್ಡು

ಇನ್ನೊಂದು ವಿಷಯ ಕಾಗದಪತ್ರದ್ದು. ಪಿಕಪ್ ಎಂದರೆ ಸರಕು ಸಾಗಣೆ ವಾಹನ, ಹಳದಿ ಬೋರ್ಡು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು), ಆಮೇಲೆ ವರ್ಷ ವರ್ಷ. ನಾವು ಬಾಡಿಗೆಗೆ ಓಡಿಸಲಿ ಬಿಡಲಿ, ಲೆಕ್ಕ ಒಂದೇ. ಕಾರಿನ ಲೈಸೆನ್ಸಿನಲ್ಲಿ ಅದನ್ನು ಓಡಿಸಬಹುದೋ ಇಲ್ಲವೋ ಎಂಬ ಗೊಂದಲ ಮಾತ್ರ ಈಗ ಇಲ್ಲ. 7,500 ಕಿಲೊ ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿತು. ಅಣ್ಣ ಆ ಪತ್ರಿಕೆಯ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದಾನೆ, ಅಷ್ಟು ಹಿಂದಿನಿಂದಲೂ ಅವನ ಮನಸ್ಸಿನಲ್ಲಿ ಪಿಕಪ್ ಇತ್ತು ಎಂದಾಯಿತು. ಇನ್ನು ಥಾರಿಗೆ ಬಿಳಿ ಬೋರ್ಡು, ಹದಿನೈದು ವರ್ಷದವರೆಗೆ ಎಫ್‌ಸಿ ಇಲ್ಲ, ಆದರೆ ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ನೂರಕ್ಕೆ 17, ಮೇಲೆ ಸೆಸ್ಸು. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಎರಡು ದಾರಿ ಹಿಡಿದಿದೆ. ನಾಲ್ಕು ಮೀಟರಿನೊಳಗಿನ, 1,500 ಸಿಸಿ ಒಳಗಿನ ಡೀಸೆಲ್ ಕಾರಿಗೆ ನೂರಕ್ಕೆ 18, ಅದಕ್ಕಿಂತ ದೊಡ್ಡದಕ್ಕೆ 40. ನಾಲ್ಕೂ ಚಕ್ರ ಎಳೆಯುವ ಡೀಸೆಲ್ ಥಾರಿನ ಇಂಜಿನ್ 2.2 ಲೀಟರಿನದು, ಹಾಗಾಗಿ ಅದು 40ರಲ್ಲಿ. 2023ರಿಂದ ಸಿಗುವ 1.5 ಲೀಟರಿನ ಥಾರ್ 18ರಲ್ಲಿ, ಆದರೆ ಅದರಲ್ಲಿ ಎಳೆಯುವುದು ಹಿಂದಿನ ಎರಡೇ ಚಕ್ರ. ನೋಡಲಿಕ್ಕೆ ಎರಡೂ ಒಂದೇ. ಟೈಗರ್ ಸರ್ಕಲ್ಲಿನಲ್ಲಿ ನಿಂತವನಿಗೆ ಯಾವುದು ಯಾವುದೆಂದು ಗೊತ್ತಾಗುವುದೂ ಇಲ್ಲ. ಆ ಎರಡನೆಯದನ್ನು ತೆಗೆದುಕೊಂಡು ನಮ್ಮ ಚಡಾವಿಗೆ ಹೋದರೆ ಪಿಕಪ್ಪಿನಷ್ಟೇ ಪಾಡು, ಚೀಲ ಹೊರುವ ಉಪಕಾರವೂ ಇಲ್ಲ.

ಬೋರ್ಡಿನ ಬಣ್ಣಕ್ಕೆ ಇನ್ನೊಂದು ಅರ್ಥವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಡುಪಿಯ ಕಲ್ಯಾಣಮಂಟಪದ ಪಾರ್ಕಿಂಗಿಗೆ ಹಳದಿ ಬೋರ್ಡಿನ ಗಾಡಿ ತಂದರೆ ಸೆಕ್ಯುರಿಟಿಯವ ಕೇಳುವುದು ‘ಎಂತ ಲೋಡು?’ ಎಂದು. ರೇಷ್ಮೆ ಸೀರೆ ಉಟ್ಟ ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತಿದ್ದರೂ ಅವನು ಹಿಂದೆ ಹೋಗಿ ಟರ್ಪಾಲು ಎತ್ತಿ ನೋಡುತ್ತಾನೆ. ಅತ್ತಿಗೆ ಪಿಕಪ್ ಬೇಡ ಎನ್ನಲಿಲ್ಲ. ‘ನಾನು ಬಸ್ಸಲ್ಲೇ ಬರ್ತೇನೆ’ ಎಂದರು. ಅದೇ ಪಿಕಪ್ಪಿಗೆ ಊರಿನಲ್ಲಿ ಸಿಗುವ ಮರ್ಯಾದೆ ನೋಡಬೇಕು. ದೇವಸ್ಥಾನದ ಬ್ರಹ್ಮಕಲಶಕ್ಕೆ, ಎರಡು ವರ್ಷಕ್ಕೊಮ್ಮೆ ಬರುವ ಕೃಷ್ಣ ಮಠದ ಪರ್ಯಾಯಕ್ಕೆ ಹೊರೆಕಾಣಿಕೆ ಹೊರಡುವುದು ಪಿಕಪ್ಪುಗಳ ಸಾಲಿನಲ್ಲಿ. ಗಾಡಿಗೆ ಮಾವಿನ ತೋರಣ, ಎರಡು ಕಡೆ ಬಾಳೆಗಿಡ, ನಡುವೆ ತೆಂಗಿನಕಾಯಿ, ಅಕ್ಕಿ, ಕುಂಬಳಕಾಯಿ ರಾಶಿ. ಅವತ್ತು ಡ್ರೈವರೇ ಯಜಮಾನ. ಹುಲಿವೇಷಕ್ಕೆ ತಾಸೆ ಬಾರಿಸುವವರಿಗೂ ಅದೇ ಬೇಕು, ಯಾರದೋ ಮನೆಯ ಗೃಹಪ್ರವೇಶದ ಪಾತ್ರೆಗೂ ಅದೇ ಬೇಕು. ಪಿಕಪ್ ತೆಗೆದುಕೊಂಡವನ ಫೋನಿಗೆ ಊರೇ ಕರೆ ಮಾಡುತ್ತದೆ. ಥಾರ್ ಇದೆಯಾ, ಸ್ವಲ್ಪ ಕೊಡ್ತೀರಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ನಾವು ಕೊಡುವುದಿಲ್ಲ. ಅಣ್ಣನಿಗೆ ಇದು ಪಿಕಪ್ಪಿನ ಗುಣ ಎಂದು ಕಾಣುತ್ತದೆ, ನನಗೆ ತೊಂದರೆ ಎಂದು. ಅವನು ಊರಿನಲ್ಲೇ ಇರುವವನು, ನಾನು ಶನಿವಾರಕ್ಕೆ ಬಂದು ಭಾನುವಾರ ಹೋಗುವವನು. ಅದಕ್ಕೇ ಇರಬೇಕು.

ಎರಡೂ ಆಗುವ ಗಾಡಿ

ಹಾಗಾದರೆ ಎರಡನ್ನೂ ಸೇರಿಸಿದ ಗಾಡಿ ತೆಗೆದುಕೊಳ್ಳಬಹುದಲ್ಲ ಎಂದು ಆಫೀಸಿನ ಗೆಳೆಯರು ಹೇಳುತ್ತಾರೆ. ಇಸುಜು ವಿ-ಕ್ರಾಸ್, 2022ರಲ್ಲಿ ಇಲ್ಲಿಗೆ ಬಂದ ಟೊಯೊಟಾ ಹೈಲಕ್ಸ್. ನಾಲ್ಕು ಬಾಗಿಲು, ಐದು ಜನ, ನಾಲ್ಕು ಚಕ್ರದ ಎಳೆತ, ಹಿಂದೆ ಬಾಡಿ, ಸ್ವಂತ ಬಳಕೆಗೆ ಬಿಳಿ ಬೋರ್ಡು. ಕೇಳಲಿಕ್ಕೆ ಚಂದ. ಮುಖ್ಯ ಅಡ್ಡಿ ಉದ್ದ. ಹೈಲಕ್ಸಿನ ಉದ್ದ 5,325 ಮಿಲಿಮೀಟರ್, ಥಾರಿಗಿಂತ ನಾಲ್ಕು ಅಡಿಗೂ ಹೆಚ್ಚು. ನಾನು ಒಂದು ಭಾನುವಾರ ಅಳತೆ ಟೇಪು ಹಿಡಿದು ಹಲಸಿನ ಮರದ ತಿರುವಿನಲ್ಲಿ ಗೂಟ ನೆಟ್ಟು ನೋಡಿದೆ. ಮರ ಕಡಿಯಬೇಕು, ಇಲ್ಲದಿದ್ದರೆ ದರೆ. ಹಲಸಿನ ಮರದ ವಿಷಯವನ್ನು ಅಮ್ಮನ ಮುಂದೆ ಎತ್ತುವ ಧೈರ್ಯ ಇಬ್ಬರಿಗೂ ಇಲ್ಲ. ಎರಡನೆಯದು, ಅಷ್ಟು ದೊಡ್ಡ ಗಾಡಿ ನಮ್ಮಲ್ಲಿ ಹೊರುವುದು ಅರ್ಧ ಟನ್ನಿನ ಆಸುಪಾಸು. ಅದರ ಮೂರನೇ ಒಂದು ಬೆಲೆಯ ಬೊಲೆರೊ ಕ್ಯಾಂಪರ್ ಒಂದು ಟನ್ ಹೊರುತ್ತದೆ.

ಇಂಥ ಗಾಡಿ ಅಮೆರಿಕದಲ್ಲಿ ಮನೆ ಮನೆಯ ಕಾರು ಆದದ್ದಕ್ಕೆ ಅಲ್ಲಿನ ಕಾರಣಗಳಿವೆ. ಫೋರ್ಡ್ ಕಂಪೆನಿ 1925ರಲ್ಲೇ ಕಾರ್ಖಾನೆಯಿಂದಲೇ ಬಾಡಿ ಕಟ್ಟಿದ ಪಿಕಪ್ ಮಾರತೊಡಗಿತು. ಯುರೋಪಿನವರೊಂದಿಗೆ ಕೋಳಿಮಾಂಸದ ವ್ಯಾಪಾರದಲ್ಲಿ ಜಗಳವಾಗಿ, ಆ ಸಿಟ್ಟಿಗೆ ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳ ಮೇಲೆ 1964ರಿಂದ ನೂರಕ್ಕೆ 25ರ ಸುಂಕ ಬಿತ್ತು. ಅದು ಇವತ್ತಿಗೂ ಹೋಗಿಲ್ಲ. ಒಳಗಿನ ಕಂಪೆನಿಗಳಿಗೆ ಪಿಕಪ್ಪಿನಷ್ಟು ಲಾಭದ ಮಾಲು ಬೇರೆ ಇಲ್ಲದಂತಾಯಿತು. ಅಲ್ಲಿಯ ರಸ್ತೆಯೂ ಹಾಗೆ, ಅಂಗಳವೂ ಹಾಗೆ. ನಮ್ಮದು ಎರಡು ದರೆಗಳ ನಡುವಿನ ಓಣಿ, ಎತ್ತಿನ ಗಾಡಿಗೆ ಲೆಕ್ಕ ಹಾಕಿದ್ದು. ಅದರಲ್ಲಿ ವಿಲ್ಲಿಸಿನ ಅಳತೆಯ ಜೀಪು ಹಿಡಿಸಿದ್ದೇ ಹೆಚ್ಚು. 1,820 ಮಿಲಿಮೀಟರ್ ಅಗಲದ ಹೊಸ ಥಾರಿಗೆ ಸಹ ಎರಡೂ ಕಡೆ ಕನ್ನಡಿ ಮಡಚಬೇಕಾದೀತು.

ಉಳಿದದ್ದು ಕ್ಯಾಂಪರ್. ಹಿಂದೆಯೂ ಸೀಟು, ಅದರ ಹಿಂದೆ ಬಾಡಿ. ಹಳದಿ ಬೋರ್ಡೇ, ಆದರೆ ಮನೆಮಂದಿ ಕೂರಬಹುದು. ಕರೆಂಟಿನವರು, ರಸ್ತೆ ಗುತ್ತಿಗೆಯವರು ಇಟ್ಟುಕೊಳ್ಳುವ ಗಾಡಿ, ಅಷ್ಟೇನೂ ಚಂದ ಇಲ್ಲ. ಪರಿಚಯದವರ ಒಂದು ಕ್ಯಾಂಪರನ್ನು ಬೇಸಗೆಯಲ್ಲೇ ಮನೆಗೆ ತರಿಸಿ ನೋಡಿದೆವು. ತಿರುವಿನಲ್ಲಿ ಒಂದು ಸಲ ಹಿಂದೆ ತೆಗೆದು ಮುಂದೆ ಹೋಗಬೇಕಾಯಿತು, ಅಷ್ಟೇ. ಅದರ ಮರುವಾರ ನಾನು ಹಟ ಬಿಡದೆ ಅಮ್ಮನನ್ನೂ ಅಣ್ಣನನ್ನೂ ಉಡುಪಿಗೆ ಕರೆದುಕೊಂಡು ಹೋಗಿ ಥಾರನ್ನೂ ತೋರಿಸಿದೆ. ಮೂರು ಬಾಗಿಲಿನದರಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಬಗ್ಗಿ, ಒಳಗೆ ನುಸುಳಬೇಕು. ಅಮ್ಮನ ಮೊಣಕಾಲು ನುಸುಳುವ ಕಾಲ ಮುಗಿದಿದೆ. ಮುಂದಿನ ಸೀಟಿಗೆ ಹತ್ತಲೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಡಿ ಹುಡುಕಿ, ನಮ್ಮಿಬ್ಬರ ಹೆಗಲು ಹಿಡಿದು, ಅರ್ಧಕ್ಕೆ ನಿಂತು ಶೋರೂಮಿನ ಹುಡುಗಿಯನ್ನು ಕೇಳಿದರು, ‘ಇದರೊಟ್ಟಿಗೆ ಏಣಿ ಸಹ ಕೊಡ್ತೀರಾ ಮಗಾ?’ ಆ ಹುಡುಗಿ ಪಾಪ, ಆಕ್ಸೆಸರೀಸ್ ಪಟ್ಟಿಯಲ್ಲಿ ಸೈಡ್ ಸ್ಟೆಪ್ಪಿನ ಬೆಲೆ ತೋರಿಸಿದಳು. ಕ್ಯಾಂಪರೂ ತಗ್ಗಿನ ಗಾಡಿಯಲ್ಲ, ಅದಕ್ಕೂ ಹತ್ತಲೇಬೇಕು. ಬಾಗಿಲು ಮಾತ್ರ ನೇರ.

ಅಣ್ಣನ ಲೆಕ್ಕ

ಶೋರೂಮಿನಿಂದ ಬರುವಾಗ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಅಣ್ಣ ಒಂದು ನೋಟು ಪುಸ್ತಕ ತಂದು ಮುಂದಿಟ್ಟ. ನಾಲ್ಕೂ ಚಕ್ರ ಎಳೆಯುವ ಥಾರ್ ರಸ್ತೆಗಿಳಿಯುವಾಗ ಎಷ್ಟು, ಎರಡೇ ಚಕ್ರ ಎಳೆಯುವ ಕ್ಯಾಂಪರ್ ಎಷ್ಟು ಎಂದು ಬರೆದು, ಕಳೆದು, ಉಳಿದ ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದ. ಏಳೆಂಟು ಲಕ್ಷ ಬರುತ್ತಿತ್ತು. ‘ಇಷ್ಟು ದುಡ್ಡು ನಾವು ಕೊಡುದು ಎಂತದಕ್ಕೆ? ಈ ಚಡಾವು ಹತ್ತಲಿಕ್ಕೆ. ವರ್ಷದಲ್ಲಿ ನಾಲ್ಕು ತಿಂಗಳು ಹತ್ತಲಿಕ್ಕೆ. ಇದರ ಅರ್ಧ ದುಡ್ಡಲ್ಲಿ ಚಡಾವಿಗೇ ಕಾಂಕ್ರೀಟ್ ಹಾಕಬಹುದು. ಆಗ ನಮ್ಮ ಗಾಡಿ ಮಾತ್ರ ಅಲ್ಲ, ಆಟೋ ಸಹ ಬರ್ತದೆ, ಆಂಬುಲೆನ್ಸ್ ಸಹ ಬರ್ತದೆ.’

ನನಗೆ ಕೂಡಲೇ ಏನು ಹೇಳಬೇಕೆಂದು ತೋಚಲಿಲ್ಲ. ಅಷ್ಟು ದಿನ ಗಾಡಿಗಳ ಹೊಟ್ಟೆಯ ಎತ್ತರ, ಏರುವ ಕೋನ, ಲಾಕರ್, ಟಯರು ಎಂದು ನೋಡುತ್ತಿದ್ದವನ ಕಣ್ಣಿಗೆ ನೆಲ ಮಾತ್ರ ಬಿದ್ದಿರಲಿಲ್ಲ. ಯಾಕೆ ಬೀಳಲಿಲ್ಲ ಎಂದು ಈಗ ಯೋಚಿಸುತ್ತೇನೆ. ಗಾಡಿ ನಮ್ಮ ಹೆಸರಿನಲ್ಲಿರುತ್ತದೆ, ತೊಳೆಯಬಹುದು, ತೋರಿಸಬಹುದು, ಬೇಡವಾದರೆ ಮಾರಬಹುದು. ಓಣಿ ನಮ್ಮದೂ ಹೌದು, ಕೆಳಗಿನ ಮನೆಯವರದೂ ಹೌದು. ಅದಕ್ಕೆ ಹಾಕಿದ ದುಡ್ಡು ಮಳೆಯಲ್ಲಿ ಎಲ್ಲರಿಗೂ ಸಮವಾಗಿ ಸಿಗುತ್ತದೆ, ನಮಗೆ ವಾಪಸು ಬರುವುದಿಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟರೆ ಮಾಡಿಕೊಡುತ್ತಾರೆಂದು ಅಪ್ಪನ ಕಾಲದಿಂದ ಎಲ್ಲರೂ ಹೇಳಿಕೊಂಡು ಬಂದದ್ದೂ ಒಂದು ಕಾರಣ ಇರಬಹುದು. ಪೆರ್ಡೂರಿನಿಂದ ಆಚೆ ಎರಡೇ ಚಕ್ರ ಎಳೆಯುವ ಪಿಕಪ್ಪು ಹೇಗೆ ಬದುಕುತ್ತದೆ ಎಂಬ ನನ್ನ ಹಳೆಯ ಪ್ರಶ್ನೆಗೂ ಅರ್ಧ ಉತ್ತರ ಇಲ್ಲಿದೆ. ಕಡಿದಾದ ಜಾಗದಲ್ಲೆಲ್ಲ ಯಾರೋ ಸ್ವಂತ ಖರ್ಚಿನಲ್ಲೋ, ವಾರ್ಡಿನ ದುಡ್ಡಿನಲ್ಲೋ ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟ್ ಎಳೆದಿರುತ್ತಾರೆ. ದಾರಿಯುದ್ದಕ್ಕೂ ಅದನ್ನು ನೋಡಿದ್ದೇನೆ, ಗಾಡಿಯ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಈಗ ನಡೆಯುತ್ತಿರುವ ಚರ್ಚೆ ಬೇರೆ. ಪೂರ್ತಿ ಅಗಲಕ್ಕೆ ಹಾಕುವುದೋ, ಎರಡು ಪಟ್ಟಿ ಸಾಕೋ? ಪಟ್ಟಿಯಾದರೆ ಖರ್ಚು ಕಡಿಮೆ, ನಡುವಿನ ಮಣ್ಣಿನಲ್ಲಿ ನೀರು ಇಂಗುತ್ತದೆ. ಆದರೆ ಆಟೋದ ಮುಂದಿನ ಚಕ್ರ ನಡುವಿನಲ್ಲೇ ಬರುವುದು, ಅದಕ್ಕೆ ಪಟ್ಟಿ ಇಲ್ಲ. ಅಂದರೆ ಆಟೋ ಬರಬೇಕಾದರೆ ಪೂರ್ತಿಯೇ ಆಗಬೇಕು. ಕಾಂಕ್ರೀಟು ಹಸಿ ಇರುವಾಗಲೇ ಅಡ್ಡಕ್ಕೆ ಗೀರು ಎಳೆಯದಿದ್ದರೆ ಪಾಚಿ ಹಿಡಿದ ಮೇಲೆ ಜೇಡಿಗಿಂತ ಅಪಾಯ, ಇಳಿಯುವಾಗ ಗಾಡಿ ಸೀದಾ ತೋಡಿಗೆ. ದರೆಯ ಬದಿಯಲ್ಲಿ ಚರಂಡಿ ಬಿಡದಿದ್ದರೆ ಮೊದಲ ಮಳೆಗೇ ನೀರು ಅಡಿಯ ಮಣ್ಣು ಕೊರೆದು ತುಂಡು ತುಂಡಾಗುತ್ತದೆ. ಕೆಳಗಿನ ಮನೆಯವರು ಹೊಯಿಗೆ ತಮ್ಮ ಲೆಕ್ಕಕ್ಕೆ ಎಂದಿದ್ದಾರೆ, ಅವರದೊಂದು ಏಸ್ ಇದೆ, ಮಳೆಗಾಲವಿಡೀ ಅದು ಮೋರಿಯ ಹತ್ತಿರ ಟರ್ಪಾಲು ಹೊದ್ದು ನಿಲ್ಲುತ್ತದೆ. ದೀಪಾವಳಿ ಕಳೆದು, ಅಡಿಕೆ ಕೊಯ್ಲಿನ ಮೊದಲು ಕೆಲಸ ಮುಗಿಸಬೇಕೆಂದು ಅಣ್ಣನ ಅಂದಾಜು. ಕ್ಯಾಂಪರ್ ಅದರ ಮೇಲೆ. ಥಾರಿನ ಟೆಸ್ಟ್ ಡ್ರೈವಿಗೆ ಬನ್ನಿ ಎಂದು ಶೋರೂಮಿನಿಂದ ನನಗೆ ಇನ್ನೂ ಮೆಸೇಜು ಬರುತ್ತಿದೆ. ನಾನೂ ಬೇಡ ಎಂದು ಹೇಳಿಲ್ಲ.

ಹಳೆಯ ಜೀಪು ಕೇಳಿಕೊಂಡು ಸಕಲೇಶಪುರದ ಕಡೆಯವರೊಬ್ಬರು ಬಂದಿದ್ದರು. ಚಾಸಿಸ್ಸಿನ ತುಕ್ಕು ನೋಡಿಯೂ ಒಳ್ಳೆಯ ಬೆಲೆಯನ್ನೇ ಹೇಳಿದರು. ಅಣ್ಣ ಕೊಡುವುದಿಲ್ಲ ಎಂದ, ಈಗಲೇ ಇಲ್ಲ ಎಂದ. ಜಲ್ಲಿ, ಸಿಮೆಂಟು, ಮಿಕ್ಸರು ಎಲ್ಲ ಆ ಚಡಾವು ಹತ್ತಬೇಕಲ್ಲ.